ಒಂದು ಬಟ್ಟಲು ಚಹಾ, ಒಂದಿಡೀ ಮಧ್ಯಾಹ್ನ

ಒಂದು ಊರಿನ ಹೋಟೆಲುಗಳ ಯೋಗ್ಯತೆಯನ್ನು ಅಳೆಯುವಾಗ ಜನ ಸಾಮಾನ್ಯವಾಗಿ ರುಚಿ, ಶುಚಿ ಮತ್ತು ಬೆಲೆ ಎಂಬ ಮೂರನ್ನು ಗಮನಿಸುತ್ತಾರೆ. ಮೂರೂ ಸರಿಯೇ. ಆದರೆ ಇವುಗಳ ಜೊತೆಗೆ ನಾಲ್ಕನೆಯ ಅಳತೆಗೋಲೊಂದು ಇರಬೇಕೆಂಬುದು ನನ್ನ ಅಭಿಪ್ರಾಯ. ಕಿಸೆಯಲ್ಲಿ ಹೆಚ್ಚು ಹಣವಿಲ್ಲದ, ಕೈಯಲ್ಲಿ ಹೆಚ್ಚು ಕೆಲಸವೂ ಇಲ್ಲದ ಒಬ್ಬ ವಯಸ್ಸಾದ ಮನುಷ್ಯ ಒಂದೇ ಒಂದು ಚಹಾ ತರಿಸಿಕೊಂಡು ಅಲ್ಲಿ ಎಷ್ಟು ಹೊತ್ತು ಕುಳಿತಿರಬಹುದು? ಯಾರೂ ಬಂದು ಅವನ ಮುಂದಿನ ಮೇಜನ್ನು ಮತ್ತೆ ಮತ್ತೆ ಒರೆಸದೆ, ಕೇಳದಿದ್ದರೂ ಬಿಲ್ಲು ತಂದಿಡದೆ, ಕುರ್ಚಿಯ ಹಿಂದೆ ನಿಂತು ಗಂಟಲು ಸರಿಪಡಿಸಿಕೊಳ್ಳದೆ ಅವನನ್ನು ಅವನ ಪಾಡಿಗೆ ಬಿಡುವ ಊರೇ ನನ್ನ ದೃಷ್ಟಿಯಲ್ಲಿ ನಾಗರಿಕವಾದ ಊರು.

ಈ ಮಾತು ನನಗೆ ಸ್ಪಷ್ಟವಾದದ್ದು ಚೀನಾದ ಚೆಂಗ್ಡು ಮಹಾನಗರದಲ್ಲಿ. ನಿವೃತ್ತನಾದ ಮರುವರ್ಷ, 2018ರ ಅಕ್ಟೋಬರಿನಲ್ಲಿ, ಅಲ್ಲಿದ್ದ ಮಗಳು ಅಳಿಯಂದಿರ ಮನೆಯಲ್ಲಿ ನಾನೂ ನನ್ನ ಶ್ರೀಮತಿಯೂ ಮೂರು ವಾರ ಇದ್ದೆವು. ಚೆಂಗ್ಡು ಸಿಚುವಾನ್ ಪ್ರಾಂತ್ಯದ ರಾಜಧಾನಿ. 2020ರ ಜನಗಣತಿಯಂತೆ ಅದರ ಜನಸಂಖ್ಯೆ 2 ಕೋಟಿಗೂ ಅಧಿಕ. ನಮ್ಮ ಬೆಂಗಳೂರಿಗೂ ಆ ಊರಿಗೂ 2013ರಲ್ಲಿ ಸೋದರ ನಗರಗಳ ಒಪ್ಪಂದವಾಗಿದೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆದ್ದರಿಂದ ಈ ಎರಡು ಊರುಗಳನ್ನು ಹೋಲಿಸಿ ನೋಡಿದರೆ ಅಧಿಕಪ್ರಸಂಗವಾಗಲಾರದು.

ಮೊದಲು ಊಟದ ವಿಷಯ. ಯುನೆಸ್ಕೊ ಸಂಸ್ಥೆ 2010ರಲ್ಲಿ ಚೆಂಗ್ಡುವನ್ನು ‘ಪಾಕಕಲೆಯ ನಗರ’ವೆಂದು ಗುರುತಿಸಿತು. ಏಷ್ಯಾ ಖಂಡದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಇದು. ಇಂಗ್ಲೆಂಡಿನ ಫುಷಿಯಾ ಡನ್‌ಲಪ್ ಎಂಬಾಕೆ 1994ರಲ್ಲಿ ಓದಲೆಂದು ಈ ಊರಿಗೆ ಬಂದು, ಆಮೇಲೆ ಇಲ್ಲಿನ ಅಡುಗೆ ಶಾಲೆಯಲ್ಲೇ ವಿದ್ಯಾರ್ಥಿನಿಯಾಗಿ, ಸಿಚುವಾನ್ ಪಾಕವನ್ನು ಹೊರಜಗತ್ತಿಗೆ ಪರಿಚಯಿಸಿದರು. ಈ ಕೀರ್ತಿಯ ಮೂಲ ಕಾಳುಮೆಣಸಿಗಿಂತ ಚಿಕ್ಕದಾದ, ನಾಲಗೆಯನ್ನು ಜುಮ್ಮೆನ್ನಿಸುವ ಒಂದು ಕಾಯಿ. ಅದರ ‘ಮಾ’, ಎಂದರೆ ಜೋಮು, ಒಣಮೆಣಸಿನ ‘ಲಾ’, ಎಂದರೆ ಖಾರ, ಇವೆರಡೂ ಸೇರಿದ ರುಚಿಗೆ ‘ಮಾಲಾ’ ಎಂದು ಹೆಸರು. ಮೊದಲ ತುತ್ತಿಗೇ ನನ್ನ ಶ್ರೀಮತಿ, “ಇದು ನಮ್ಮ ತೆಪ್ಪಳದ ತಂಗಿಯಲ್ಲವೇ!” ಎಂದಳು. ಅವಳ ತವರು ಕರಾವಳಿ. ಸಸ್ಯಶಾಸ್ತ್ರದ ಪ್ರಕಾರವೂ ಅವಳ ಮಾತು ನಿಜ. ಕೊಂಕಣಿಗರು ತೆಪ್ಪಳವೆಂದೂ ಘಟ್ಟದ ಕಡೆಯವರು ಜುಮ್ಮನಕಾಯಿಯೆಂದೂ ಕರೆಯುವ ಕಾಯಿಯೂ ಇದೂ ಒಂದೇ ಕುಲದವು.

ಆ ಊರಿನವರು ಅತ್ಯಂತ ಪ್ರೀತಿಯಿಂದ ಹೇಳುವುದು ದೊಡ್ಡ ಹೋಟೆಲುಗಳ ಹೆಸರನ್ನಲ್ಲ, ‘ನೊಣದ ಹೋಟೆಲು’ಗಳನ್ನು. ಇದು ಬೈಗುಳವಲ್ಲ, ಬಿರುದು. ಓಣಿಯೊಳಗಿನ ಇಕ್ಕಟ್ಟಾದ, ಗೋಡೆಗೆ ಹೊಗೆ ಹಿಡಿದ, ನಾಲ್ಕಾರು ಮೇಜುಗಳ ಅಂಗಡಿಗೆ ಚೀನೀ ಭಾಷೆಯಲ್ಲಿ ಆ ಹೆಸರೇ ಇದೆ. ಒಳಗೆ ಜಾಗವಿಲ್ಲದೆ ಪಾದಚಾರಿ ಮಾರ್ಗದ ಮೇಲೆ ಗಿಡ್ಡ ಸ್ಟೂಲುಗಳನ್ನು ಹಾಕಿರುತ್ತಾರೆ. ಕಾರಿನಲ್ಲಿ ಬಂದಿಳಿದವರೂ ಕಟ್ಟಡ ಕೆಲಸದವರೂ ಅಕ್ಕಪಕ್ಕದಲ್ಲಿ ಕುಳಿತು ಉಣ್ಣುತ್ತಾರೆ.

ನಮ್ಮಂಥ ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು. ‘ಮೀನಿನ ಪರಿಮಳದ ಬದನೆಕಾಯಿ’ ಎಂಬ ಪದಾರ್ಥದಲ್ಲಿ ಮೀನು ಇರುವುದಿಲ್ಲ. ಮೀನಿಗೆ ಹಾಕುವ ಮಸಾಲೆ ಇರುತ್ತದೆ, ಅಷ್ಟೆ. ಆದರೆ ನೋಡಲು ನಿರಪಾಯವಾದ, ಒಳಗೆ ಎಳ್ಳು ಸಕ್ಕರೆಯ ಹೂರಣ ತುಂಬಿದ ಅಕ್ಕಿಹಿಟ್ಟಿನ ಉಂಡೆಯಲ್ಲಿ ಹಂದಿಯ ಕೊಬ್ಬು ಸೇರಿರುವುದುಂಟು. ಮೇಜಿನ ಮೇಲೆಯೇ ಕುದಿಸಿ ತಿನ್ನುವ ಪ್ರಸಿದ್ಧ ಹಾಟ್‌ಪಾಟಿನ ಕೆಂಪು ಸಾರಿಗೆ ದನದ ಕೊಬ್ಬೇ ಆಧಾರ. ಹಾಗಾಗಿ ನಮಗೆ ಅನ್ನ ಸಿಕ್ಕಿದ್ದು ದೇವಸ್ಥಾನದಲ್ಲಿ. ಊರ ನಡುವೆ ವೆನ್‌ಶು ವಿಹಾರವಿದೆ. ವೆನ್‌ಶು ಎಂದರೆ ಬೇರೆ ಯಾರೂ ಅಲ್ಲ, ಮಂಜುಶ್ರೀ ಬೋಧಿಸತ್ವ. ಅಲ್ಲಿನ ಭೋಜನಶಾಲೆಯಲ್ಲಿ ಮಾಂಸವಿಲ್ಲ. ಬೌದ್ಧ ಸನ್ಯಾಸಿಗಳ ಅಡುಗೆಯ ನಿಯಮದಲ್ಲಿ ಬೆಳ್ಳುಳ್ಳಿ ಈರುಳ್ಳಿಗಳಿಗೂ ನಿಷೇಧ. ನಮ್ಮ ಮಠದ ಅಡುಗೆಮನೆಯ ಶಿಸ್ತನ್ನು ಅಷ್ಟು ದೂರದಲ್ಲಿ ಕಂಡು ಸಂತೋಷವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚೆಂಗ್ಡುವಿನ ಜೀವಾಳ ಇರುವುದು ಊಟದ ಹೋಟೆಲುಗಳಲ್ಲಲ್ಲ, ಚಹಾದ ಮನೆಗಳಲ್ಲಿ. ಚೆಂಗ್ಡುವಿನವರೇ ಆದ ಇತಿಹಾಸಕಾರ ವಾಂಗ್ ದಿ ಈ ಚಹಾಮನೆಗಳ ಮೇಲೆಯೇ ದೊಡ್ಡ ಗ್ರಂಥಗಳನ್ನು ಬರೆದಿದ್ದಾರೆ. 20ನೆಯ ಶತಮಾನದ ಆರಂಭದಲ್ಲಿ ಸುಮಾರು 500 ಬೀದಿಗಳ ಆ ಊರಿನಲ್ಲಿ 450ಕ್ಕೂ ಹೆಚ್ಚು ಚಹಾಮನೆಗಳಿದ್ದವು. ಅಂದರೆ ಹೆಚ್ಚುಕಡಿಮೆ ಬೀದಿಗೊಂದು. ಇದಕ್ಕೆ ಅವರು ಕೊಡುವ ಕಾರಣಗಳು ಕುತೂಹಲಕರವಾಗಿವೆ. ಊರಿನ ಬಾವಿಗಳ ನೀರು ಸವುಳು. ಒಳ್ಳೆಯ ನೀರನ್ನು ನದಿಯಿಂದ ಹೊತ್ತು ತರಬೇಕಿತ್ತು. ಸೌದೆಯೂ ದುಬಾರಿ. ಬಡವರು ಮನೆಯಲ್ಲಿ ಒಲೆ ಹಚ್ಚಿ ನೀರು ಕಾಯಿಸುವ ಬದಲು ಚಹಾಮನೆಯಿಂದಲೇ ಬಿಸಿನೀರನ್ನು ಕೊಂಡೊಯ್ಯುತ್ತಿದ್ದರು. ಪಲ್ಲಕ್ಕಿ ಹೊರುವವರಿಗೂ ಒಂಟಿ ಚಕ್ರದ ಗಾಡಿ ನೂಕುವವರಿಗೂ ದಣಿವಾರಿಸಿಕೊಳ್ಳಲು ಅದೇ ತಾಣ. ವ್ಯಾಪಾರಿಗಳು ಸರಕಿನ ಬೆಲೆ ಕುದುರಿಸುತ್ತಿದ್ದುದು ಅಲ್ಲೇ, ಕಥೆಗಾರರು ಕಥೆ ಹೇಳುತ್ತಿದ್ದುದು ಅಲ್ಲೇ. ಎರಡು ಮನೆಗಳ ನಡುವೆ ಜಗಳವಾದರೆ ಹಿರಿಯರನ್ನು ಕರೆದು ಚಹಾ ಕುಡಿಯುತ್ತಾ ಪಂಚಾಯಿತಿ ಮಾಡುತ್ತಿದ್ದುದೂ ಅಲ್ಲೇ. ಬಹುತೇಕ ನಮ್ಮ ಹಳ್ಳಿಯ ಅರಳಿಕಟ್ಟೆಯ ಹಾಗೆ. ಜೊತೆಗೆ ಬಿಸಿ ಚಹಾ.

ಪೀಪಲ್ಸ್ ಪಾರ್ಕ್ ಎಂಬ ಉದ್ಯಾನವನದೊಳಗೆ, ಕೆರೆಯ ದಡದಲ್ಲಿ, 1920ರ ದಶಕದಿಂದ ಇರುವ ಹೆಮಿಂಗ್ ಚಹಾಮನೆಗೆ ನಾನು ಐದಾರು ಸಲ ಹೋದೆ. ಮರದ ನೆರಳಿನಲ್ಲಿ ಬಿದಿರಿನ ಕೈಕುರ್ಚಿಗಳು. ಚಹಾ ಬರುವುದು ಮುಚ್ಚಳವಿರುವ ಬಟ್ಟಲಿನಲ್ಲಿ. ಮುಚ್ಚಳ ಆಕಾಶ, ಕೆಳಗಿನ ತಟ್ಟೆ ಭೂಮಿ, ನಡುವಿನ ಬಟ್ಟಲು ಮನುಷ್ಯ ಎಂದು ಅವರು ಅರ್ಥ ಹೇಳುತ್ತಾರೆ. ಮಲ್ಲಿಗೆಯ ಘಮದ ಚಹಾಕ್ಕೆ ಆಗ ಕೊಟ್ಟದ್ದು 20 ಯುವಾನಿನ ಆಸುಪಾಸು, ಅಂದರೆ ನಮ್ಮ ಸುಮಾರು 200 ರೂಪಾಯಿ. ಅಗ್ಗವೇನಲ್ಲ. ಆದರೆ ಹಣ ಕೊಡುವುದು ಒಂದೇ ಸಲ. ಎಲೆಯ ಸಾರ ಮುಗಿಯುವವರೆಗೂ ಬಿಸಿನೀರು ಎಷ್ಟು ಬೇಕಾದರೂ ಉಂಟು. ಎದ್ದು ಹೋಗಬೇಕಾದರೆ ಮುಚ್ಚಳವನ್ನು ಕುರ್ಚಿಯ ಮೇಲಿಟ್ಟರಾಯಿತು. ‘ಮತ್ತೆ ಬರುತ್ತೇನೆ’ ಎಂದು ಅದರ ಅರ್ಥ. ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ. ಇಸ್ಪೀಟು ಆಡುವವರು, ಕಲ್ಲಂಗಡಿ ಬೀಜ ಸುಲಿಯುವವರು, ಶ್ರುತಿಕವೆಯಂಥ ಉಪಕರಣವನ್ನು ಝೇಂಕರಿಸುತ್ತಾ ಕಿವಿ ಶುಚಿಮಾಡಲು ಕರೆಯುವವರು, ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾವೂ ತೂಕಡಿಸುವ ಅಜ್ಜಿಯರು, ಎಲ್ಲರೂ ಅಲ್ಲಿದ್ದಾರೆ. ಭಾಷೆ ಬಾರದ ನಾನೂ ಒಂದು ಪುಸ್ತಕ ಹಿಡಿದು ಮೂರು ಮೂರು ಗಂಟೆ ಕುಳಿತೆ. ಯಾರೂ ಎಬ್ಬಿಸಲಿಲ್ಲ.

ಇದರ ಪಕ್ಕದಲ್ಲಿ ಹೊಸ ಚೆಂಗ್ಡುವನ್ನು ಇಟ್ಟು ನೋಡಬೇಕು. 2008ರಲ್ಲಿ ನವೀಕರಿಸಿ ತೆರೆದ ಕುವಾನ್‌ಝಾಯ್ ಓಣಿಗಳಲ್ಲಿ ಹಳೆಯ ಮಾದರಿಯ ಅಂಗಳಮನೆಗಳಲ್ಲಿ ದುಬಾರಿ ಚಹಾಮಂದಿರಗಳೂ ಬಾರುಗಳೂ ಸ್ಟಾರ್‌ಬಕ್ಸ್ ಕೂಡ ಬಂದಿವೆ. ಯುಲಿನ್ ಎಂಬ ಬಡಾವಣೆಯಲ್ಲಿ ‘ಲಿಟ್ಲ್ ಬಾರ್’ ಎಂಬ ಪುಟ್ಟ ಮದ್ಯದಂಗಡಿ 1997ರಿಂದ ಇದೆ. ಹೊಸ ಸಂಗೀತಗಾರರು ಹಾಡುತ್ತಿದ್ದ ತಾಣ ಅದು. ಝಾವೊ ಲೇ ಎಂಬ ಗಾಯಕ ತನ್ನ ‘ಚೆಂಗ್ಡು’ ಎಂಬ ಹಾಡಿನಲ್ಲಿ ಅದರ ಹೆಸರು ತಂದನಂತರ, 2017ರಿಂದ, ಅಲ್ಲಿಗೆ ಜನ ಮುಗಿಬಿದ್ದರು. ನಾನು ಮದ್ಯ ಮುಟ್ಟುವವನಲ್ಲ. ಅಳಿಯನ ಜೊತೆ ಹೋಗಿ ಬಾಗಿಲಿನವರೆಗೆ ನೋಡಿ ಬಂದೆ. ಒಳಗೆ ಕುಳಿತವರಿಗಿಂತ ಹೊರಗೆ ನಿಂತು ಫೋಟೋ ತೆಗೆಯುವವರೇ ಹೆಚ್ಚಾಗಿದ್ದರು. ಹೆಸರು ಬಂದ ಮೇಲೆ ಹಳೆಯ ಗಿರಾಕಿಗೆ ಜಾಗ ಸಿಗದೆ ಹೋಗುವುದು ಎಲ್ಲ ಊರಿನ ಕಥೆ.

ಕಾಫಿಯದು ಇನ್ನೊಂದು ಬಗೆ. 2017ರಲ್ಲಿ ಆರಂಭವಾದ ಲಕಿನ್ ಎಂಬ ಕಂಪನಿ 2024ರ ಹೊತ್ತಿಗೆ ಚೀನಾದಲ್ಲಿ 20,000 ಅಂಗಡಿಗಳನ್ನು ದಾಟಿತು. ಅವುಗಳಲ್ಲಿ ಬಹಳಷ್ಟು ಕೇವಲ ಗಲ್ಲೆಯಷ್ಟು ಜಾಗದವು. ಮೊಬೈಲಿನಲ್ಲಿ ಹೇಳಬೇಕು, ಲೋಟ ಕೈಗೆ ಬಂದೊಡನೆ ನಡೆಯಬೇಕು. ಮೊಬೈಲಿನಲ್ಲೇ ಹಣ ಕೊಡುವ ವ್ಯವಸ್ಥೆ ಅಲ್ಲಿ ಎಷ್ಟು ವ್ಯಾಪಿಸಿತೆಂದರೆ ವೃದ್ಧರು ನಗದು ಹಿಡಿದು ನಿಂತು ಮುಜುಗರಪಡುವಂತಾಯಿತು. ಕಡೆಗೆ 2020ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರವೇ, ತಂತ್ರಜ್ಞಾನದಿಂದ ವಯೋವೃದ್ಧರಿಗೆ ಆಗುವ ತೊಡಕುಗಳನ್ನು ನಿವಾರಿಸಲು ಒಂದು ಯೋಜನೆಯನ್ನು ಪ್ರಕಟಿಸಬೇಕಾಯಿತು. ಸೌಲಭ್ಯವೊಂದು ಬಂದಾಗ ಅದರಿಂದ ಹೊರಗುಳಿದವರು ಯಾರೆಂದು ಕೇಳಬೇಕು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹಾಗಾದರೆ ವ್ಯಾಪಾರಿ ಬದುಕುವುದು ಹೇಗೆ, ಕುಳಿತವರಿಂದ ಬಾಡಿಗೆ ಹುಟ್ಟುತ್ತದೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಊರ ಹೊರಗಿನ ಪೆಂಗ್‌ಜೆನ್ ಎಂಬ ಹಳೆಯ ಪೇಟೆಯಲ್ಲಿ ಸಿಕ್ಕಿತು. ಅಲ್ಲಿ ಗುವಾನ್‌ಯಿನ್ ದೇವಿಯ ಹಳೆಯ ಗುಡಿಯ ಕಟ್ಟಡದಲ್ಲೊಂದು ಚಹಾಮನೆ ಇದೆ. ಮಣ್ಣಿನ ನೆಲ, ಹೆಂಚಿನ ಸೂರು, ಗೋಡೆಯ ಮೇಲೆ ಮಾವೊ ಕಾಲದ ಘೋಷಣೆಗಳು. ಬೆಳಕು ಹರಿಯುವ ಮುನ್ನವೇ ಬಾಗಿಲು ತೆರೆಯುತ್ತದೆ. ಆಸುಪಾಸಿನ ವೃದ್ಧರಿಗೆ ಅಲ್ಲಿ ಚಹಾ 1 ಯುವಾನ್, ನಮ್ಮಂತೆ ನೋಡಲು ಬಂದವರಿಗೆ 10 ಯುವಾನ್. ಫೋಟೋ ತೆಗೆಯಲು ಬರುವವರ ಹಣದಿಂದ ಅಜ್ಜಂದಿರ ಚಹಾ ನಡೆಯುತ್ತದೆ. ನನ್ನಿಂದ ಹತ್ತು ಪಟ್ಟು ತೆಗೆದುಕೊಂಡರಲ್ಲ ಎಂದು ನನಗೆ ಬೇಸರವಾಗಲಿಲ್ಲ. ನಾನು ಅಷ್ಟು ದೂರ ಹೋದದ್ದೇ ಆ ಅಜ್ಜಂದಿರು ಕುಳಿತ ಚಂದವನ್ನು ನೋಡಲು. ಅವರಿಲ್ಲದಿದ್ದರೆ ಅದು ಬರಿಯ ಹಳೆಯ ಕಟ್ಟಡ. ಇದು ಧರ್ಮವೂ ಹೌದು, ಲೆಕ್ಕಾಚಾರವೂ ಹೌದು.

ಎಲ್ಲವನ್ನೂ ಹೊಗಳುವುದು ನನ್ನ ಉದ್ದೇಶವಲ್ಲ. ಹಳೆಯ ಕಾಲದಲ್ಲಿ ಆ ಚಹಾಮನೆಗಳು ಬಹುಮಟ್ಟಿಗೆ ಗಂಡಸರ ಲೋಕವಾಗಿದ್ದವು. ಹೆಂಗಸರು ಒಳಗೆ ಬರಲು ಬಹುಕಾಲ ಹಿಡಿಯಿತು. ಸುಧಾರಕರೂ ಅಧಿಕಾರಿಗಳೂ ಅವುಗಳನ್ನು ಸೋಮಾರಿಗಳ ಅಡ್ಡೆಯೆಂದು ಜರೆದು ನಿಯಮಗಳಿಂದ ಕಟ್ಟಿಹಾಕಲು ನೋಡಿದರು. 1966ರಿಂದ 76ರವರೆಗಿನ ಸಾಂಸ್ಕೃತಿಕ ಕ್ರಾಂತಿಯಲ್ಲಿ ಅವು ಹೆಚ್ಚುಕಡಿಮೆ ಮಾಯವೇ ಆಗಿ, ಆರ್ಥಿಕ ಸುಧಾರಣೆ ಬಂದ ಬಳಿಕ ಮತ್ತೆ ತಲೆಯೆತ್ತಿದವು. ಲಾವೊ ಷ ಅವರ 1957ರ ಪ್ರಸಿದ್ಧ ನಾಟಕ ‘ಚಹಾಮನೆ’ಯ ಗೋಡೆಯ ಮೇಲೆ ‘ದೇಶದ ವಿಚಾರ ಮಾತನಾಡಬೇಡಿ’ ಎಂಬ ಬರಹ ಉದ್ದಕ್ಕೂ ಇರುತ್ತದೆ. ನಾಟಕದ ಚಹಾಮನೆ ಬೀಜಿಂಗಿನದು. ಆದರೆ ಅಂಥ ಬರಹ ಚೆಂಗ್ಡುವಿನಲ್ಲೂ ಇದ್ದಿತು. ಕುಳಿತುಕೊಳ್ಳುವ ಸ್ವಾತಂತ್ರ್ಯವೂ ಮಾತನಾಡುವ ಸ್ವಾತಂತ್ರ್ಯವೂ ಒಂದೇ ಅಲ್ಲ. ನಮ್ಮ ಹಳೆಯ ಹೋಟೆಲುಗಳಲ್ಲೂ ‘ಇಲ್ಲಿ ರಾಜಕೀಯ ಮಾತನಾಡಕೂಡದು’ ಎಂಬ ಫಲಕ ಇದ್ದುದನ್ನು ನನ್ನ ವಯಸ್ಸಿನವರು ಬಲ್ಲರು. ಆದರೂ ನಾವು ಮಾತನಾಡಿದೆವು, ಮಾಣಿಯೂ ನಿಂತು ಕೇಳಿದ. ಜಾಗ ಇದ್ದರೆ ಮಾತು ಹೇಗೋ ಹುಟ್ಟುತ್ತದೆ. ಜಾಗವೇ ಇಲ್ಲದಿದ್ದರೆ?

ಈ ಪ್ರಶ್ನೆಯೇ ನನ್ನನ್ನು ಕಾಡುವುದು. ಚೆಂಗ್ಡುವಿನ ಸೋದರ ನಗರವಾದ ಬೆಂಗಳೂರಿನಲ್ಲಿ 1980ರ ದಶಕದಿಂದ ದರ್ಶಿನಿಗಳು ಬಂದವು. ಕಡಿಮೆ ಬೆಲೆಗೆ ಶುಚಿಯಾದ, ಬಿಸಿಯಾದ ತಿಂಡಿಯನ್ನು ಲಕ್ಷಾಂತರ ಜನರಿಗೆ ಕೊಟ್ಟ ದರ್ಶಿನಿಗಳನ್ನು ಹಳಿಯಲಾರೆ. ಆದರೆ ಅವು ಕುರ್ಚಿಯನ್ನು ತೆಗೆದುಹಾಕಿದವು. ಮೊಣಕಾಲು ನೋವಿನ ನನ್ನಂಥವನು ಕಾಫಿ ಲೋಟವನ್ನು ಎದೆಯೆತ್ತರದ ಕಲ್ಲಿನ ಮೇಲಿಟ್ಟು ಐದು ನಿಮಿಷದಲ್ಲಿ ಮುಗಿಸಬೇಕು. ಇನ್ನೊಂದು ಕಡೆ, ತಂಪಾದ ಕೆಫೆಗಳಲ್ಲಿ ಮೆತ್ತನೆಯ ಆಸನಗಳೇನೋ ಇವೆ, ಆದರೆ ಅಲ್ಲಿ ಒಂದು ಕಾಫಿಯ ಬೆಲೆಗೆ ಮನೆಯಲ್ಲಿ ಒಂದು ವಾರ ಕಾಫಿ ಮಾಡಬಹುದು. ಎರಡರ ನಡುವೆ ಪಿಂಚಣಿದಾರನಿಗೆ, ಕೆಲಸ ಹುಡುಕುತ್ತಿರುವ ಯುವಕನಿಗೆ, ಮಗನ ಮನೆಯ ಹತ್ತನೆಯ ಮಹಡಿಯಲ್ಲಿ ಹಗಲೆಲ್ಲ ಒಂಟಿಯಾಗಿರುವ ತಾಯಿಗೆ ಜಾಗವೆಲ್ಲಿ?

ನನ್ನ ಸೂಚನೆ ಸರಳವಾದದ್ದು. ನಗರದ ದೊಡ್ಡ ಉದ್ಯಾನಗಳಲ್ಲಿ, ಮರಗಳ ಕೆಳಗೆ, ಗಟ್ಟಿಯಾದ ಕುರ್ಚಿಗಳನ್ನು ಹಾಕಿ ಒಂದೊಂದು ಚಹಾ ಕಾಫಿಯ ಅಂಗಡಿಗೆ ಅವಕಾಶ ಕೊಡಲಿ. ಬಾಡಿಗೆಯನ್ನು ಕಡಿಮೆ ಇಟ್ಟು, ಕುಳಿತವರನ್ನು ಎಬ್ಬಿಸಕೂಡದು, ನಗದನ್ನು ನಿರಾಕರಿಸಕೂಡದು ಎಂಬ ಎರಡು ಕರಾರುಗಳನ್ನು ಮಾತ್ರ ಹಾಕಲಿ. ಹಿರಿಯರಿಗೆ ಒಂದು ದರ, ಇತರರಿಗೆ ಇನ್ನೊಂದು ದರ ಇದ್ದರೂ ನಡೆದೀತು. ಹೋಟೆಲು ನಡೆಸುವ ಮಹನೀಯರು ಮಧ್ಯಾಹ್ನ ಮೂರರಿಂದ ಐದರವರೆಗಿನ ಖಾಲಿ ಹೊತ್ತಿನಲ್ಲಿ ಒಂದು ಬೆಂಚನ್ನಾದರೂ ಬಿಟ್ಟುಕೊಡಲಿ.

‘ಚಹಾ’ ಎಂಬ ಮಾತೂ ‘ಟೀ’ ಎಂಬ ಮಾತೂ ನಮಗೆ ಬಂದದ್ದು ಚೀನಾದಿಂದಲೇ. ಒಂದು ಭೂಮಾರ್ಗದಲ್ಲಿ ನಡೆದು ಬಂತು, ಇನ್ನೊಂದು ಫುಜಿಯಾನ್ ಕಡೆಯ ಉಚ್ಚಾರವನ್ನು ಹೊತ್ತು ಹಡಗಿನಲ್ಲಿ ಸುತ್ತಿ ಬಂತು. ಮಾತನ್ನು ತೆಗೆದುಕೊಂಡೆವು, ಎಲೆಯನ್ನೂ ತೆಗೆದುಕೊಂಡೆವು. ಅದರ ಜೊತೆಗೆ ಬರಬೇಕಾಗಿದ್ದ ಬಿದಿರಿನ ಕುರ್ಚಿ ಮಾತ್ರ ಇನ್ನೂ ಬಂದಿಲ್ಲ. ಸೋದರ ನಗರಗಳ ನಡುವೆ ನಿಯೋಗಗಳು ಮತ್ತೆ ಓಡಾಡುವ ದಿನ ಬಂದರೆ, ಹೋಗುವವರು ಮೆಟ್ರೋ ಮತ್ತು ಮೇಲ್ಸೇತುವೆಗಳನ್ನು ನೋಡುವುದರ ಜೊತೆಗೆ ಒಂದು ಮಧ್ಯಾಹ್ನ ಆ ಕೆರೆಯ ದಡದಲ್ಲಿ ಸುಮ್ಮನೆ ಕುಳಿತು ಬರಲಿ ಎಂದು ಕೋರುತ್ತೇನೆ.