ಕಾಯುವವನು ಕಾಯಲೂ ಕಲಿಯಬೇಕು



ನಮ್ಮ ಪತ್ರಿಕೆಯ ಹಳೆಯ ಚಂದಾದಾರರಾದ ದಾವಣಗೆರೆಯ ಹಿರಿಯರೊಬ್ಬರ ಪತ್ರ ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಮಗ ಉದ್ಯೋಗನಿಮಿತ್ತ ಕೆನಡಾ ದೇಶದ ಕ್ಯಾಲ್ಗರಿ ನಗರಕ್ಕೆ ಹೋಗಿ ಅಲ್ಲಿಯೇ ನೆಲೆಸಿದ್ದಾರೆ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗನಿಗೆ ಈಗ ಹದಿನೇಳು ವರ್ಷ. ಅವನು ಐಸ್ ಹಾಕಿಯಲ್ಲಿ ರಕ್ಷಣಾ ಆಟಗಾರ. ಪತ್ರದ ಸಾರವನ್ನು ಅವರ ಮಾತಿನಲ್ಲಿಯೇ ಕೊಡುತ್ತೇವೆ: "ಹುಡುಗ ಮನೆ ಬಿಟ್ಟು ದೂರದ ಊರಿನಲ್ಲಿ ಬೇರೊಬ್ಬರ ಮನೆಯಲ್ಲಿದ್ದು ಆಡುತ್ತಿದ್ದಾನೆ. ಮಗ ಓದು ಎನ್ನುತ್ತಾನೆ, ಮೊಮ್ಮಗ ಆಟ ಎನ್ನುತ್ತಾನೆ. ಬರುವ ಜೂನ್ ತಿಂಗಳ ಆಯ್ಕೆಯಲ್ಲಿ ಹೆಸರು ಬರದಿದ್ದರೆ ಆಟ ಬಿಡಿಸುತ್ತೇನೆಂದು ಮಗ ಹಟ ಹಿಡಿದಿದ್ದಾನೆ. ತಂದೆ-ಮಗ ಪರಸ್ಪರ ಮಾತು ಬಿಟ್ಟು ಎರಡು ತಿಂಗಳಾಯಿತು. ಇಬ್ಬರೂ ನನಗೇ ಫೋನ್ ಮಾಡುತ್ತಾರೆ. ನನಗೆ ಆ ಆಟದ ತಲೆಬುಡ ತಿಳಿಯದು. ನಾನು ಯಾರಿಗೆ ಏನು ಹೇಳಲಿ?"

ಪತ್ರವನ್ನು ಓದಿದಾಗ ನಮ್ಮ ಮನಸ್ಸು ಭಾರವಾಯಿತು. ಮಕ್ಕಳ ಭವಿಷ್ಯದ ವಿಷಯದಲ್ಲಿ ಹಿರಿಯರಿಗೂ ಕಿರಿಯರಿಗೂ ಭಿನ್ನಾಭಿಪ್ರಾಯ ಬರುವುದು ಸಹಜ. ಆದರೆ ಮಾತೇ ನಿಂತುಹೋಗುವುದು ಯಾವ ಮನೆಗೂ ಶ್ರೇಯಸ್ಕರವಲ್ಲ. ಅದಕ್ಕಾಗಿ ಈ ತಿಂಗಳ ಅಂಕಣವನ್ನು ಆ ಹಿರಿಯರ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಕೊಡಗಿನ ಹಸಿರು ಮೈದಾನಗಳು. ಕೆನಡಾದವರ ಹಾಕಿ ಬೇರೆ. ಅದನ್ನು ಹೆಪ್ಪುಗಟ್ಟಿದ ನೀರಿನ ಮೇಲೆ, ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ ಕಟ್ಟಿಕೊಂಡು ಆಡುತ್ತಾರೆ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯಿರುತ್ತದೆ. ಒಂದು ಪಕ್ಷದಿಂದ ಏಕಕಾಲಕ್ಕೆ ಆರು ಮಂದಿ ಕಣದಲ್ಲಿರುತ್ತಾರೆ: ಮೂವರು ಮುಂಪಂಕ್ತಿಯವರು, ಇಬ್ಬರು ರಕ್ಷಣಾ ಆಟಗಾರರು, ಒಬ್ಬ ಗೋಲ್‌ಕೀಪರ್. ಇಪ್ಪತ್ತು ನಿಮಿಷಗಳ ಮೂರು ಅವಧಿಗಳ ಆಟ. ಅದು ಎಷ್ಟು ವೇಗದ್ದೆಂದರೆ ಒಬ್ಬ ಆಟಗಾರ ಸುಮಾರು ಮುಕ್ಕಾಲು ನಿಮಿಷ ಆಡಿ ಹೊರಗೆ ಬಂದು ಕುಳಿತು, ದಣಿವಾರಿಸಿಕೊಂಡು ಮತ್ತೆ ಇಳಿಯುತ್ತಾನೆ.

ಈ ಆಟದಲ್ಲಿ ರಕ್ಷಣಾ ಆಟಗಾರನ ಕಷ್ಟ ವಿಶೇಷವಾದುದು. ಎದುರಾಳಿಯು ಪೂರ್ಣ ವೇಗದಲ್ಲಿ ಮುನ್ನುಗ್ಗಿ ಬರುವಾಗ ಇವನು ಅದೇ ವೇಗದಲ್ಲಿ ಹಿಂದುಹಿಂದಕ್ಕೆ ಜಾರುತ್ತ, ಅವನ ದಾರಿಯನ್ನು ಮೂಲೆಗೆ ತಿರುಗಿಸಬೇಕು. ಪಕ್ ತನ್ನ ಗೋಲಿನ ಹಿಂದಿನ ಮೂಲೆಗೆ ಬಿದ್ದಾಗ ಎದುರಾಳಿಗೆ ಬೆನ್ನುಕೊಟ್ಟು ಅದನ್ನು ತರಲು ಹೋಗಬೇಕು. ಹಿಂದಿನಿಂದ ಯಾರು ಬಂದು ಅಪ್ಪಳಿಸುತ್ತಾರೋ ತಿಳಿಯದು. ಆ ಒಂದು ಕ್ಷಣದಲ್ಲಿ ತಲೆಯೆತ್ತಿ ನೋಡಿ, ಗೆಳೆಯನಿರುವ ಸ್ಥಳವನ್ನು ಗುರುತಿಸಿ, ತಪ್ಪದೆ ದಾಟಿಸಬೇಕು. ಮುಂಪಂಕ್ತಿಯವನು ಹತ್ತು ಸಲ ತಪ್ಪಿ ಒಂದು ಸಲ ಗೋಲು ಹೊಡೆದರೆ ಜನ ಅವನನ್ನು ಹೊಗಳುತ್ತಾರೆ. ರಕ್ಷಕನು ಹತ್ತು ಸಲ ಸರಿಯಾಗಿ ಆಡಿ ಒಂದು ಸಲ ತಪ್ಪಿದರೆ ಆ ತಪ್ಪೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಮನೆಯ ಬಾಗಿಲು ಕಾಯುವವನ ಪಾಡು ಎಲ್ಲೆಡೆಯೂ ಹೀಗೆಯೇ ಅಲ್ಲವೆ?

ಇನ್ನು ಮೇಲೇರುವ ಮೆಟ್ಟಿಲುಗಳ ವಿಷಯ. ಹದಿನಾರರಿಂದ ಇಪ್ಪತ್ತು ವರ್ಷದವರೆಗಿನ ಹುಡುಗರಿಗಾಗಿ ಕೆನಡಿಯನ್ ಹಾಕಿ ಲೀಗ್ ಎಂಬ ವ್ಯವಸ್ಥೆಯಿದೆ. ಒಂಟಾರಿಯೊ, ಕ್ವಿಬೆಕ್ ಮತ್ತು ಪಶ್ಚಿಮ ಪ್ರಾಂತ್ಯಗಳ ಮೂರು ಲೀಗುಗಳು ಅದರಲ್ಲಿ ಸೇರಿವೆ. ಒಟ್ಟು ಅರವತ್ತರಷ್ಟು ತಂಡಗಳು. ಹುಡುಗರು ತಂಡದ ಊರಿನ ಗೃಹಸ್ಥರ ಮನೆಗಳಲ್ಲಿ ಉಳಿದು ಶಾಲೆಗೆ ಹೋಗುತ್ತ ಆಡುವುದು ಅಲ್ಲಿಯ ಬಹುಕಾಲದ ಪದ್ಧತಿ. ಆದ್ದರಿಂದ ಮೊಮ್ಮಗ ಪರರ ಮನೆಯಲ್ಲಿದ್ದಾನೆಂದು ಹಿರಿಯರು ನೊಂದುಕೊಳ್ಳಬೇಕಾಗಿಲ್ಲ. ನಮ್ಮ ಕಡೆ ಮಠದ ಪ್ರಸಾದನಿಲಯಗಳಲ್ಲಿ ಉಳಿದು ಓದಿದ ಮಕ್ಕಳನ್ನು ನೆನೆದರೆ ಇದು ಅಷ್ಟು ಅಪರಿಚಿತವೆನಿಸದು.

ಇದರ ಮೇಲಿನ ಶಿಖರ ನ್ಯಾಷನಲ್ ಹಾಕಿ ಲೀಗ್. ಅಲ್ಲಿ 32 ವೃತ್ತಿಪರ ತಂಡಗಳಿವೆ. ಪ್ರತಿ ವರ್ಷ ಹದಿನೆಂಟರ ಆಸುಪಾಸಿನ ಹುಡುಗರನ್ನು ಈ ತಂಡಗಳು ಏಳು ಸುತ್ತುಗಳಲ್ಲಿ ಹೆಸರಿಸಿ ಆರಿಸಿಕೊಳ್ಳುತ್ತವೆ. ಒಟ್ಟು 224 ಹೆಸರುಗಳು. ಇದನ್ನೇ ಡ್ರಾಫ್ಟ್ ಎನ್ನುತ್ತಾರೆ. ಪತ್ರದಲ್ಲಿ ಹೇಳಿದ ಜೂನ್ ತಿಂಗಳ ಆಯ್ಕೆ ಇದೇ.

ಇಲ್ಲಿ ಲೆಕ್ಕವನ್ನು ಮುಚ್ಚಿಡದೆ ಹೇಳಬೇಕು. ಒಂದು ವೃತ್ತಿಪರ ತಂಡವು ಪಂದ್ಯವೊಂದಕ್ಕೆ ಸಾಮಾನ್ಯವಾಗಿ ಆರು ರಕ್ಷಣಾ ಆಟಗಾರರನ್ನು ಇಳಿಸುತ್ತದೆ. 32 ತಂಡಗಳಿಗೆ 192 ಸ್ಥಾನಗಳಾದವು. ಇತ್ತ ಅರವತ್ತು ಜೂನಿಯರ್ ತಂಡಗಳಲ್ಲಿಯೇ ರಕ್ಷಣೆಯ ಹುಡುಗರು ನಾನೂರರ ಸಮೀಪವಿದ್ದಾರೆ. ಅಮೆರಿಕ, ಸ್ವೀಡನ್, ಫಿನ್ಲೆಂಡ್ ಮೊದಲಾದ ದೇಶಗಳ ಹುಡುಗರೂ ಇದೇ ಬಾಗಿಲಲ್ಲಿ ನಿಂತಿದ್ದಾರೆ. ಆ 192 ಸ್ಥಾನಗಳಾದರೂ ಬರಿದಾಗಿಲ್ಲ. ಹತ್ತು ಹದಿನೈದು ವರ್ಷ ಆಡಿ ಪಳಗಿದ ಪ್ರೌಢರು ಅಲ್ಲಿದ್ದಾರೆ. ಜೂನಿಯರ್ ಹಂತದಲ್ಲಿ ಆಡಿದವರಲ್ಲಿ ಬಹುಪಾಲು ಜನ ಶಿಖರವನ್ನು ಮುಟ್ಟುವುದಿಲ್ಲ. ಈ ಸತ್ಯವನ್ನು ಹುಡುಗನಿಂದ ಮರೆಮಾಡುವುದು ಪ್ರೀತಿಯಲ್ಲ.

ಆದರೆ ಇದರ ಜೊತೆಗೆ ಮತ್ತೊಂದು ಸತ್ಯವೂ ಇದೆ. ಅದನ್ನು ತಂದೆಯಾದವರು ತಿಳಿಯಬೇಕು. ಹದಿನೆಂಟರ ವಯಸ್ಸಿನಲ್ಲಿ ರಕ್ಷಣಾ ಆಟಗಾರನ ಯೋಗ್ಯತೆಯನ್ನು ಅಳೆಯುವುದು ಬಲು ಕಠಿಣ. ಪರಿಣತ ಪರೀಕ್ಷಕರೇ ಅಲ್ಲಿ ಎಡವಿದ್ದಾರೆ. 2012ರ ಡ್ರಾಫ್ಟನ್ನು ನೋಡಿ. ಆ ವರ್ಷ ಮೊದಲ ಹತ್ತು ಹೆಸರುಗಳಲ್ಲಿ ಎಂಟು ಮಂದಿ ರಕ್ಷಣಾ ಆಟಗಾರರೇ ಆಗಿದ್ದರು. ನಾಲ್ಕನೆಯವರಾಗಿ ಆಯ್ಕೆಯಾದ ಗ್ರಿಫಿನ್ ರೈನ್‌ಹಾರ್ಟ್ ಅವರಿಗೆ ಮುಂದೆ ಆ ದೊಡ್ಡ ಲೀಗಿನಲ್ಲಿ ಒಟ್ಟು 37 ಪಂದ್ಯಗಳನ್ನು ಆಡುವ ಅವಕಾಶ ಮಾತ್ರ ದೊರೆಯಿತು. ಅದೇ ವರ್ಷ 86ನೆಯವರಾಗಿ ಆಯ್ಕೆಯಾದವರು ಆಲ್ಬರ್ಟ ಪ್ರಾಂತ್ಯದ ಕೋಲ್ಟನ್ ಪರೇಕೊ. ಅದರ ಹಿಂದಿನ ವರ್ಷ ಅವರನ್ನು ಯಾವ ತಂಡವೂ ಆರಿಸಿರಲಿಲ್ಲ. ಅವರು ಮೂರು ವರ್ಷ ಅಲಾಸ್ಕದ ವಿಶ್ವವಿದ್ಯಾಲಯದಲ್ಲಿ ಓದುತ್ತ ಆಡಿ, 2015ರಲ್ಲಿ ಸೇಂಟ್ ಲೂಯಿಸ್ ತಂಡವನ್ನು ಸೇರಿ, 2019ರಲ್ಲಿ ಆ ತಂಡದೊಡನೆ ಸ್ಟಾನ್ಲಿ ಕಪ್ ಎಂಬ ಪರಮೋಚ್ಚ ಪ್ರಶಸ್ತಿಯನ್ನು ಗೆದ್ದರು. 120ನೆಯವರಾಗಿ ಆಯ್ಕೆಯಾದ ಜೇಕಬ್ ಸ್ಲೇವಿನ್ ಅವರು ಇಂದು ಶ್ರೇಷ್ಠ ರಕ್ಷಕರ ಸಾಲಿನಲ್ಲಿ ಎಣಿಸಲ್ಪಡುತ್ತಾರೆ. ಸಭ್ಯ ಆಟಕ್ಕಾಗಿ ಕೊಡುವ ಲೇಡಿ ಬಿಂಗ್ ಪ್ರಶಸ್ತಿ 2021 ಮತ್ತು 2024ರಲ್ಲಿ ಅವರಿಗೆ ಸಂದಿತು. ನಾಲ್ಕಕ್ಕೂ ನೂರ ಇಪ್ಪತ್ತಕ್ಕೂ ಇರುವ ಅಂತರವನ್ನು ಕಾಲವು ಹೀಗೆ ತಿರುಗಿಸಿಬಿಟ್ಟಿತು.

ಇದಕ್ಕೆ ಕಾರಣವೇನು? ವೇಗವೂ ಚಾಕಚಕ್ಯತೆಯೂ ಎಳವೆಯಲ್ಲಿಯೇ ಕಾಣುತ್ತವೆ. ಆದರೆ ಆಟವನ್ನು ಓದುವ ಬುದ್ಧಿ, ಪ್ರೌಢದೇಹದವರನ್ನು ತಡೆಯುವ ಬಲ, ಒತ್ತಡದಲ್ಲಿಯೂ ಕದಡದ ಮನಸ್ಸು, ಇವು ತಪ್ಪುಗಳನ್ನು ಮಾಡಿ ತಿದ್ದಿಕೊಂಡ ಮೇಲೆಯೇ ಬರುವಂಥವು. ಅದಕ್ಕಾಗಿಯೇ ಶಿಖರದ ಕೆಳಗೆ ಅಮೆರಿಕನ್ ಹಾಕಿ ಲೀಗ್ ಎಂಬ ಇನ್ನೊಂದು ವೃತ್ತಿಪರ ಮೆಟ್ಟಿಲಿದೆ. ದೊಡ್ಡ ಲೀಗಿನ ಆಟಗಾರರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಈ ಮೆಟ್ಟಿಲನ್ನು ಹತ್ತಿ ಬಂದವರೇ. ಡಂಕನ್ ಕೀತ್ ಅವರು 2002ರಲ್ಲಿ 54ನೆಯವರಾಗಿ ಆಯ್ಕೆಯಾದ ಮೇಲೆ ಇಲ್ಲಿ ಪೂರ್ಣ ಎರಡು ಋತು ದುಡಿದು, 2005ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೆ ಶಿಕಾಗೊ ತಂಡದಲ್ಲಿ ಕಾಲಿಟ್ಟರು. ಮುಂದೆ 2010, 2013 ಮತ್ತು 2015ರಲ್ಲಿ ಅವರ ತಂಡ ಸ್ಟಾನ್ಲಿ ಕಪ್ ಗೆದ್ದಿತು. ವರ್ಷದ ಶ್ರೇಷ್ಠ ರಕ್ಷಕನಿಗೆ ಸಲ್ಲುವ ನಾರಿಸ್ ಪ್ರಶಸ್ತಿ ಎರಡು ಸಲ ಅವರ ಪಾಲಿಗೆ ಬಂತು. ಮಾರ್ಕ್ ಜಿಯೊರ್ಡಾನೊ ಅವರ ಹೆಸರನ್ನಂತೂ ಡ್ರಾಫ್ಟಿನಲ್ಲಿ ಯಾರೂ ಕೂಗಲೇ ಇಲ್ಲ. ಕೆಳಗಿನ ಲೀಗುಗಳಲ್ಲಿಯೂ, ಒಂದು ವರ್ಷ ರಷ್ಯದಲ್ಲಿಯೂ ಆಡಿದ ಅವರು ಕ್ಯಾಲ್ಗರಿ ತಂಡದ ನಾಯಕರಾಗಿ, 2019ರಲ್ಲಿ ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ ಅದೇ ನಾರಿಸ್ ಪ್ರಶಸ್ತಿಯನ್ನು ಪಡೆದರು.

ಎಳವೆಯಲ್ಲಿಯೇ ಬೆಳಗಿದವರೂ ಇದ್ದಾರೆ. ಬಾಬಿ ಓರ್ ಹದಿನಾಲ್ಕನೆಯ ವಯಸ್ಸಿಗೆ ಜೂನಿಯರ್ ತಂಡ ಸೇರಿ, 1966ರಲ್ಲಿ ಹದಿನೆಂಟಕ್ಕೆ ಬಾಸ್ಟನ್ ತಂಡದಲ್ಲಿ ಆಡಿ, 1968ರಿಂದ 1975ರವರೆಗೆ ಸತತ ಎಂಟು ಸಲ ನಾರಿಸ್ ಪ್ರಶಸ್ತಿ ಪಡೆದರು. ಅಂಥವರು ಅಪರೂಪ. ಆ ಮಹಾನ್ ಆಟಗಾರನೂ ಮಂಡಿಯ ನೋವು, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಿಂದ ಜರ್ಝರಿತನಾಗಿ 1978ರಲ್ಲಿ, ಮೂವತ್ತರ ಪ್ರಾಯದಲ್ಲಿಯೇ ಆಟವನ್ನು ನಿಲ್ಲಿಸಬೇಕಾಯಿತು. ದೇಹವನ್ನೇ ಬಂಡವಾಳವಾಗಿಟ್ಟ ವೃತ್ತಿಯಲ್ಲಿ ಇನ್ನೊಂದು ಆಸರೆ ಇರಲೇಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಇಲ್ಲಿಯೇ ಓದಿನ ಪ್ರಶ್ನೆ ಬರುತ್ತದೆ. ಈ ವಿಷಯದಲ್ಲಿ ಈಚೆಗೆ ಆದ ದೊಡ್ಡ ಬದಲಾವಣೆಯೊಂದನ್ನು ತಂದೆ-ಮಗ ಇಬ್ಬರೂ ಗಮನಿಸಬೇಕು. ಮೊದಲು ಕೆನಡಿಯನ್ ಹಾಕಿ ಲೀಗಿನಲ್ಲಿ ಆಡಿದ ಹುಡುಗನನ್ನು ವೃತ್ತಿಪರನೆಂದೇ ಪರಿಗಣಿಸಿ, ಅಮೆರಿಕದ ವಿಶ್ವವಿದ್ಯಾಲಯಗಳ ಹಾಕಿ ತಂಡಗಳು ಬಾಗಿಲು ಮುಚ್ಚುತ್ತಿದ್ದವು. ಕ್ಯಾಲ್ಗರಿಯಲ್ಲಿಯೇ ಹುಟ್ಟಿದ ಕೇಲ್ ಮಕಾರ್ ಅವರು ಆ ಲೀಗಿಗೆ ಹೋಗದೆ ಆಲ್ಬರ್ಟದ ಇನ್ನೊಂದು ಜೂನಿಯರ್ ಲೀಗಿನಲ್ಲಿ ಆಡಿ, 2017ರಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದ ಮೇಲೂ ಎರಡು ವರ್ಷ ಮಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಕಳೆದು, ಅನಂತರವೇ ಕೊಲರಾಡೊ ತಂಡಕ್ಕೆ ಹೋದರು. 2022ರಲ್ಲಿ ಸ್ಟಾನ್ಲಿ ಕಪ್ಪನ್ನೂ ನಾರಿಸ್ ಪ್ರಶಸ್ತಿಯನ್ನೂ ಒಟ್ಟಿಗೆ ಪಡೆದರು. ಅಂದು ಎರಡು ದಾರಿಗಳಲ್ಲಿ ಒಂದನ್ನು ಬಿಡಲೇಬೇಕಿತ್ತು. 2024ರ ನವೆಂಬರಿನಲ್ಲಿ ಆ ನಿಯಮ ರದ್ದಾಗಿ, 2025ರ ಆಗಸ್ಟ್ 1ರಿಂದ ಜೂನಿಯರ್ ಲೀಗಿನಲ್ಲಿ ಆಡಿದವರಿಗೂ ಆ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಇದಲ್ಲದೆ ಪಶ್ಚಿಮ ಪ್ರಾಂತ್ಯಗಳ ಲೀಗಿನಲ್ಲಿ ಆಡಿದ ಪ್ರತಿಯೊಂದು ಋತುವಿಗೂ ಒಂದೊಂದು ವರ್ಷದ ಕಾಲೇಜು ಶುಲ್ಕವನ್ನು ವಿದ್ಯಾರ್ಥಿವೇತನವಾಗಿ ಕೊಡುವ ಏರ್ಪಾಡಿದೆ. ಅದಕ್ಕೆ ನಿಬಂಧನೆಗಳಿವೆ, ವೃತ್ತಿಪರ ಕರಾರಿಗೆ ಸಹಿ ಹಾಕುವ ಮುನ್ನ ಆ ಹಕ್ಕು ಉಳಿಯುವುದೋ ಇಲ್ಲವೋ ಎಂಬುದನ್ನು ತಂದೆಯವರು ಕಾಗದದ ಮೇಲೆಯೇ ಓದಿ ನೋಡಬೇಕು. "ಓದೋ ಆಟವೋ" ಎಂಬ ಜಗಳಕ್ಕೆ ಇಂದು ಅಷ್ಟು ಆಧಾರ ಉಳಿದಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಇನ್ನು ಗಡುವಿನ ಮಾತು. ಗಡುವು ಇಡುವುದು ತಪ್ಪಲ್ಲ. ಆದರೆ ಅದು ಬರುವ ಜೂನ್ ಆಗಬಾರದು. ಜೂನಿಯರ್ ಆಟ ತಾನಾಗಿಯೇ ಮುಗಿಯುವುದು ಇಪ್ಪತ್ತಕ್ಕೆ. ಆ ವಯಸ್ಸಿನವರನ್ನು ಒಂದು ತಂಡ ಮೂವರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಡ್ರಾಫ್ಟಿನಲ್ಲಿ ಹೆಸರು ಬಂದವನ ವಿಷಯವೂ ಬಹುತೇಕ ಹೀಗೆಯೇ. ಇಪ್ಪತ್ತರೊಳಗಿನ ಜೂನಿಯರ್ ಹುಡುಗ ದೊಡ್ಡ ತಂಡದಲ್ಲಿ ನಿಲ್ಲದಿದ್ದರೆ ಮರಳಿ ಜೂನಿಯರ್ ತಂಡಕ್ಕೇ ಹೋಗಬೇಕು, ನಡುವಿನ ಮೆಟ್ಟಿಲಿಗಲ್ಲ ಎಂಬುದು ಬಹುಕಾಲದ ನಿಯಮ; ಹತ್ತೊಂಬತ್ತು ವರ್ಷದವರ ಮಟ್ಟಿಗೆ ಇದನ್ನು ಸಡಿಲಿಸುವ ಮಾತು 2025ರ ಒಪ್ಪಂದದಲ್ಲಿ ಬಂದಿದೆ. ಹೆಸರು ಬರಲಿ, ಬಾರದಿರಲಿ, ನಿಜವಾದ ತೀರ್ಮಾನದ ಕಾಲ ಹದಿನೆಂಟಲ್ಲ, ಇಪ್ಪತ್ತು.

ಅಲ್ಲಿಯವರೆಗೆ ಏನನ್ನು ಗಮನಿಸಬೇಕು? ಹುಡುಗ ಎಷ್ಟು ಗೋಲು ಹೊಡೆದನೆಂದು ಕೇಳಬೇಡಿ. ಒಂದೇ ಗೋಲಿನ ಮುನ್ನಡೆಯಿದ್ದು ಕೊನೆಯ ನಿಮಿಷ ಉಳಿದಾಗ ತರಬೇತುದಾರರು ಅವನನ್ನು ಕಣಕ್ಕೆ ಇಳಿಸುತ್ತಾರೆಯೆ? ತಂಡದಲ್ಲಿ ಒಬ್ಬ ಶಿಕ್ಷೆಗೊಳಗಾಗಿ ಹೊರಗಿದ್ದಾಗ ಕಾವಲಿಗೆ ಇವನನ್ನು ನಂಬುತ್ತಾರೆಯೆ? ಕಳೆದ ವರ್ಷಕ್ಕಿಂತ ಈ ವರ್ಷ ಬಲಿಷ್ಠ ಎದುರಾಳಿಗಳ ಮುಂದೆ ಹೆಚ್ಚು ನಿಲ್ಲಿಸುತ್ತಾರೆಯೆ? ಇವುಗಳಿಗೆ ವರ್ಷದಿಂದ ವರ್ಷಕ್ಕೆ ಹೌದೆಂಬ ಉತ್ತರ ಬರುತ್ತಿದ್ದರೆ ಹುಡುಗ ಬೆಳೆಯುತ್ತಿದ್ದಾನೆ. ಉತ್ತರ ನಿಂತಲ್ಲಿಯೇ ನಿಂತರೆ ಅದನ್ನೂ ಅವನೇ ಮೊದಲು ಅರಿಯುತ್ತಾನೆ. ಆಗ ಕಾಲೇಜಿನ ದಾರಿ ಅವನ ಮುಂದೆ ತೆರೆದಿರಬೇಕು.

ಪೂಜ್ಯ ಹಿರಿಯರೆ, ತಾವು ಯಾರ ಪಕ್ಷವನ್ನೂ ವಹಿಸಬೇಡಿ. ಮಗನಿಗೆ ಹೇಳಿ: "ಅಪ್ಪಾ, ಜೂನ್ ತಿಂಗಳ ಒಂದು ದಿನಕ್ಕೆ ನಿನ್ನ ಮಗನ ಬಾಳನ್ನು ಒಪ್ಪಿಸಬೇಡ. ಇನ್ನೆರಡು ವರ್ಷ ಕೊಡು." ಮೊಮ್ಮಗನಿಗೆ ಹೇಳಿ: "ತಮ್ಮಾ, ಹೆಸರು ಬಂದರೆ ಹಿಗ್ಗಬೇಡ, ಬಾರದಿದ್ದರೆ ಕುಗ್ಗಬೇಡ. ಆದರೆ ಪುಸ್ತಕ ಮುಚ್ಚಬೇಡ. ನಿನ್ನಪ್ಪ ಹೆದರಿರುವುದು ನಿನ್ನ ಆಟಕ್ಕಲ್ಲ, ನಾಳೆ ನೀನು ಬರಿಗೈಯಲ್ಲಿ ನಿಲ್ಲಬಾರದೆಂದು."

ಕನ್ನಡದಲ್ಲಿ ಕಾಯುವುದೆಂದರೆ ರಕ್ಷಿಸುವುದೂ ಹೌದು, ತಾಳ್ಮೆಯಿಂದ ಎದುರುನೋಡುವುದೂ ಹೌದು. ಗೋಲು ಕಾಯುವ ಆ ಹುಡುಗ ತನ್ನ ಕಾಲಕ್ಕಾಗಿ ಕಾಯಲು ಕಲಿಯಲಿ. ಅವನನ್ನು ಕಾಯುವ ತಂದೆಯೂ ಅದನ್ನೇ ಕಲಿಯಲಿ. ಮುಂದಿನ ಸಲ ತಮಗೆ ಬರುವ ಫೋನಿನಲ್ಲಿ ಇಬ್ಬರ ದನಿಯೂ ಒಟ್ಟಿಗೆ ಕೇಳಿಸಲೆಂದು ನಾವು ಮನಃಪೂರ್ವಕವಾಗಿ ಹಾರೈಸುತ್ತೇವೆ.