‘ಡಾರ್ಕ್‌ಲಿಂಗ್’ ಎಂಬ ಕತ್ತಲ ಪದ

ಕಳೆದ ತಿಂಗಳು ಒಂದು ದಿನ ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ರಜೆ ಹಾಕಿದ್ದರು. ಅವರ ಪೀರಿಯಡ್ಡು ನನ್ನ ಪಾಲಿಗೆ ಬಂತು. ವಿಜ್ಞಾನದ ಮೇಷ್ಟ್ರಿಗೆ ಇಂಗ್ಲಿಷ್ ಪದ್ಯ ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಹತ್ತನೇ ತರಗತಿಯವರಿಗೆ ಸುಮ್ಮನೆ ಓದಿಕೊಳ್ಳಲು ಹೇಳಿ, ಪ್ರಯೋಗದ ರೆಕಾರ್ಡುಗಳನ್ನು ತಿದ್ದುತ್ತ ಕುಳಿತೆ. ಅಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕೈಯಲ್ಲಿ ಲೈಬ್ರರಿಯ ಕವನ ಪುಸ್ತಕ.

“ಸಾರ್, ‘ಡಾರ್ಕ್‌ಲಿಂಗ್’ ಅಂದರೇನು? ‘ಕತ್ತಲಲ್ಲಿ’ ಅಂತ ಬರೆದುಕೊಂಡಿದ್ದೀನಿ. ಸರೀನಾ?”

“ಅಲ್ಲಮ್ಮ. ಕೊನೆಯಲ್ಲಿ ‘ಇಂಗ್’ ಇದೆಯಲ್ಲ. ‘ಸಿಂಗ್’ ಎಂಬುದು ‘ಸಿಂಗಿಂಗ್’ ಆದ ಹಾಗೆ ‘ಡಾರ್ಕಲ್’ ಎಂಬ ಕ್ರಿಯಾಪದದಿಂದ ‘ಡಾರ್ಕ್‌ಲಿಂಗ್’. ಕತ್ತಲಾಗುತ್ತಿರುವ ಎಂದರ್ಥ” ಎಂದೆ. ಅವಳು ತಾನು ಬರೆದದ್ದನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನು ಬರೆದುಕೊಂಡಳು.

ಸಂಜೆ ಮನೆಗೆ ಬಂದ ಮೇಲೆ ಏನೋ ಕಸಿವಿಸಿ. ‘ಡಾರ್ಕಲ್’ ಎಂಬ ಪದವನ್ನು ನಾನು ಎಲ್ಲಿ ಓದಿದ್ದೆ? ಎಲ್ಲೂ ಇಲ್ಲ! ಆ ಕ್ಷಣಕ್ಕೆ ಬಾಯಿಗೆ ಬಂದ ಪದ ಅದು. ದಪ್ಪ ನಿಘಂಟು ಇಳಿಸಿ ನೋಡಿದೆ. ಹುಡುಗಿ ಬರೆದದ್ದೇ ಸರಿ ಇತ್ತು.

ಈ ಪದದ ಸಂಧಿ ಬಿಡಿಸಬೇಕಾದದ್ದು ‘ಡಾರ್ಕ್’ ಮತ್ತು ‘ಲಿಂಗ್’ ಎಂದು. ‘ಡಕ್‌ಲಿಂಗ್’ ಎಂದರೆ ಬಾತುಕೋಳಿ ಮರಿ ಎಂಬುದು ನಿಮಗೆ ಗೊತ್ತು. ಅಲ್ಲಿಯ ‘ಲಿಂಗ್’ ಬೇರೆ, ಇದು ಬೇರೆ. ಹಳೆಯ ಇಂಗ್ಲಿಷಿನಲ್ಲಿ ದಿಕ್ಕನ್ನೋ ಸ್ಥಿತಿಯನ್ನೋ ಹೇಳುವ ‘ಲಿಂಗ್’ ಎಂಬ ಇನ್ನೊಂದು ಪ್ರತ್ಯಯವಿತ್ತು. ಇಂದಿನ ‘ಹೆಡ್‌ಲಾಂಗ್’, ‘ಸೈಡ್‌ಲಾಂಗ್’ ಪದಗಳೂ ಹಿಂದೆ ‘ಲಿಂಗ್’ ಎಂದೇ ಮುಗಿಯುತ್ತಿದ್ದವು. ಹಾಗಾಗಿ 15ನೇ ಶತಮಾನದಷ್ಟು ಹಳೆಯದಾದ ‘ಡಾರ್ಕ್‌ಲಿಂಗ್’ ಮೂಲತಃ ಒಂದು ಕ್ರಿಯಾವಿಶೇಷಣ. ಅರ್ಥ: ಕತ್ತಲಲ್ಲಿ.

ಕವಿಗಳಿಗೆ ಈ ಪದವೆಂದರೆ ಬಲು ಪ್ರೀತಿ. ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ವಿದೂಷಕ, ದೀಪ ಆರಿದ ಮೇಲೆ ಉಳಿದವರ ಸ್ಥಿತಿಯನ್ನು ಹೇಳಲು ಈ ಪದ ಬಳಸುತ್ತಾನೆ. 1652ರ ಹೊತ್ತಿಗೆ ಎರಡೂ ಕಣ್ಣು ಕಳೆದುಕೊಂಡಿದ್ದ ಮಿಲ್ಟನ್, 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಕತ್ತಲಲ್ಲಿ ಹಾಡುವ ನೈಟಿಂಗೇಲ್ ಹಕ್ಕಿಗೆ ತನ್ನನ್ನು ಹೋಲಿಸಿಕೊಳ್ಳುವಾಗ ಇದನ್ನೇ ತರುತ್ತಾನೆ. (ಆತ ಆ ಹಕ್ಕಿಯನ್ನು ಹೆಣ್ಣೆಂದು ಕರೆದಿದ್ದಾನೆ. ರಾತ್ರಿಯಿಡೀ ಹಾಡುವುದು ಗಂಡು ಎಂದು ವಿಜ್ಞಾನದ ಮೇಷ್ಟ್ರು ಹೇಳದೆ ಬಿಡುವಂತಿಲ್ಲ!) 1819ರಲ್ಲಿ ಕೀಟ್ಸ್ ಅದೇ ನೈಟಿಂಗೇಲ್ ಮೇಲೆ ಬರೆದಾಗ ಪದವನ್ನು ಹಕ್ಕಿಯಿಂದ ಕೇಳುಗನಿಗೆ ದಾಟಿಸಿದ. ಅಲ್ಲಿ ಕತ್ತಲಲ್ಲಿರುವವನು ಕವಿಯೇ. ಅರ್ನಾಲ್ಡ್ 1867ರ ‘ಡೋವರ್ ಬೀಚ್’ ಪದ್ಯದಲ್ಲಿ ಬಯಲಿಗೂ, ಹಾರ್ಡಿ 1900ರ ಡಿಸೆಂಬರಿನಲ್ಲಿ ಅಚ್ಚಾದ ಪದ್ಯದಲ್ಲಿ ಥ್ರಶ್ ಹಕ್ಕಿಗೂ ಇದನ್ನು ಗುಣವಾಚಕವಾಗಿ ಅಂಟಿಸಿದರು.

ಮರುದಿನ ತರಗತಿಗೆ ಹೋದವನೇ, “ನಿನ್ನೆ ನಾನು ಹೇಳಿದ್ದು ತಪ್ಪು. ‘ಕತ್ತಲಲ್ಲಿ’ ಎಂಬುದೇ ಸರಿ” ಎಂದೆ. ಮೂವತ್ತು ವರ್ಷದ ಹತ್ತಿರ ಪಾಠ ಮಾಡಿದ ಮೇಲೂ ಇಂಥ ಮಾತು ಗಂಟಲಿನಿಂದ ಹೊರಡಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆ ಹುಡುಗಿ ಎದ್ದಳು. “ಇಲ್ಲ ಸಾರ್, ನಾನೂ ಡಿಕ್ಷನರಿ ನೋಡಿದೆ. ‘ಡಾರ್ಕಲ್’ ಇದೆ!”

ಇದೆ, ನಿಜ. ಸ್ವಾರಸ್ಯವಿರುವುದೇ ಅಲ್ಲಿ. ‘ಡಾರ್ಕ್‌ಲಿಂಗ್’ ಪದದ ಬಾಲವನ್ನು ‘ಇಂಗ್’ ಎಂದುಕೊಂಡವರಲ್ಲಿ ನಾನು ಮೊದಲನೆಯವನಲ್ಲ. 19ನೇ ಶತಮಾನದ ಕವಿಗಳು ಅದನ್ನು ಕತ್ತರಿಸಿ, ‘ಕತ್ತಲಾಗು’ ಎಂಬರ್ಥದ ‘ಡಾರ್ಕಲ್’ ಎಂಬ ಕ್ರಿಯಾಪದವನ್ನು ಬಳಕೆಗೆ ತಂದರು. ಮಗುವಿನಿಂದ ತಾಯಿ ಹುಟ್ಟಿದ ಹಾಗೆ! ಕವುಚಿ ಮಲಗು, ಕಾಲಿಗೆ ಬೀಳು ಎಂಬರ್ಥದ ‘ಗ್ರಾವಲ್’ ಎಂಬ ಪದ ಹುಟ್ಟಿದ್ದೂ ಇದೇ ಬಗೆಯ ತಪ್ಪಿನಿಂದ.

ನನ್ನನ್ನು ನಾಚಿಸಿದವನು ಡಾಕ್ಟರ್ ಜಾನ್ಸನ್. 1755ರ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಅವನೂ ಹೀಗೆಯೇ ಊಹಿಸಿದ. ‘ಡಾರ್ಕಲ್’ ಎಂಬುದರಿಂದ ಬಂದಿರಬೇಕು ಎಂದ. ಆದರೆ ಅಂಥ ಪದ ತನಗೆ ಎಲ್ಲೂ ಸಿಕ್ಕಿಲ್ಲ ಎಂದು ಪಕ್ಕದಲ್ಲೇ ಒಪ್ಪಿಕೊಂಡ. ಅವನ ಊಹೆಯೂ ನನ್ನ ಊಹೆಯೂ ಒಂದೇ. ಅವನು ಊಹೆಯನ್ನು ಊಹೆ ಎಂದೇ ಹೇಳಿದ, ನಾನು ಪಾಠ ಎಂದು ಹೇಳಿಬಿಟ್ಟೆ.

ಅಂದಹಾಗೆ, ಈ ಪದ ನಿಮ್ಮ ಅಡುಗೆಮನೆಯಲ್ಲೂ ಇದೆ. ಟೆನೆಬ್ರಿಯಾನಿಡೇ ಎಂಬ ದುಂಬಿ ಕುಟುಂಬಕ್ಕೆ ಇಂಗ್ಲಿಷಿನಲ್ಲಿ ‘ಡಾರ್ಕ್‌ಲಿಂಗ್ ಬೀಟಲ್’ ಎಂದು ಹೆಸರು. ಬೆಳಕಿಗೆ ಅಂಜಿ ಕತ್ತಲಲ್ಲಿ ಅಡಗುವಂಥವು ಎಂಬ ಅರ್ಥ ಲ್ಯಾಟಿನ್ ಹೆಸರಿನಲ್ಲೂ ಇದೆ. ಇವುಗಳಲ್ಲಿ 20,000ಕ್ಕೂ ಹೆಚ್ಚು ಜಾತಿಗಳಿವೆ. ಹಳೆಯ ಹಿಟ್ಟಿನ ಡಬ್ಬ ತೆರೆದಾಗ ಓಡಾಡುವ ಕೆಂಗಂದು ಬಣ್ಣದ ಪುಟ್ಟ ಹುಳು ಅವುಗಳಲ್ಲೊಂದು. ಅಮ್ಮ ಹಿಟ್ಟು ಜರಡಿ ಹಿಡಿಯುವಾಗ ಒಮ್ಮೆ ಗಮನಿಸಿ. ಪದ ಮರೆಯುವುದಿಲ್ಲ.

ಪಾಲಕರಿಗೊಂದು ಮಾತು. ಮಕ್ಕಳು ಪದದ ಅರ್ಥ ಕೇಳಿದಾಗ ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಬಾ ನೋಡೋಣ” ಎನ್ನಿ. ಅದರಿಂದ ನಿಮ್ಮ ಗೌರವ ಕಡಿಮೆಯಾಗದು. ವಿದ್ಯಾರ್ಥಿಗಳೇ, ಮೇಷ್ಟ್ರು ಹೇಳಿದರೆಂದು ನೀವು ಬರೆದದ್ದನ್ನು ತಕ್ಷಣ ಹೊಡೆದುಹಾಕಬೇಡಿ. ಮೊದಲು ನಿಘಂಟು ನೋಡಿ.

ಅಂದು ಆ ಹುಡುಗಿ ತನ್ನ ನೋಟ್‌ಬುಕ್ ತಂದು ತೋರಿಸಿದಳು. ಹೊಡೆದುಹಾಕಿದ ‘ಕತ್ತಲಲ್ಲಿ’ ಎಂಬುದರ ಮೇಲೆ ಮತ್ತೆ ‘ಕತ್ತಲಲ್ಲಿ’ ಎಂದು ಬರೆದಿದ್ದಳು. ಕೆಂಪು ಪೆನ್ನು ತೆಗೆದು ಸರಿ ಗುರುತು ಹಾಕಿ, ಕೆಳಗೆ ಸಹಿ ಮಾಡಿದೆ.