ಹಬ್ಬದಡುಗೆಯ ಲೆಕ್ಕ, ಲಕ್ಕಮ್ಮನ ಎಚ್ಚರ

ವೈಶಾಖ ಶುದ್ಧ ತದಿಗೆಯಂದು ಬಸವ ಜಯಂತಿ. ಅಂದು ಮುಂಜಾನೆ ಇಷ್ಟಲಿಂಗಪೂಜೆ, ವಚನ ಪಠಣ. ಮಧ್ಯಾಹ್ನ ಹೂರಣದ ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಮಾವಿನ ಹಣ್ಣಿನ ಸೀಕರಣೆ. ಎಷ್ಟೋ ಶರಣರ ಮನೆಗಳಲ್ಲಿ ಇದು ರೂಢಿ. ಊಟ ಮುಗಿದ ಮೇಲೆ ಎಲೆಗಳಲ್ಲಿ ಅರ್ಧ ತಿಂದ ಹೋಳಿಗೆ ಉಳಿದಿರುತ್ತದೆ. ನಸುಕಿನಿಂದ ಒಲೆಯ ಮುಂದೆ ನಿಂತ ತಾಯಿ ಎಲ್ಲರೂ ಎದ್ದ ಮೇಲೆ ಒಬ್ಬಳೇ ಉಣ್ಣುತ್ತಾಳೆ. ಇದನ್ನು ದಾಸೋಹವೆಂದು ಕರೆಯುವುದು ಹೇಗೆ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಕಡು ಬಡತನದಲ್ಲಿದ್ದ ಆ ಮಹಾಶರಣೆಗೆ ಅಗತ್ಯ ಯಾವುದು, ಆಸೆ ಯಾವುದು ಎಂಬುದರ ಸ್ಪಷ್ಟ ಅರಿವಿತ್ತು.

ಹಬ್ಬದ ದಿನ ಅಳೆದು ತೂಗಿ ಮಾಡಬಾರದು, ಕೈಬಿಚ್ಚಿ ಮಾಡಬೇಕು ಎನ್ನುವವರುಂಟು. ಕೈಬಿಚ್ಚುವುದು ಎಲೆಗಳ ಸಂಖ್ಯೆಯಲ್ಲಿ ಕಾಣಬೇಕು, ಎಲೆಯಲ್ಲಿ ಉಳಿದುದರಲ್ಲಿ ಅಲ್ಲ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಕ್ಕೆ ಅರ್ಪಿತವಾದ ಪದಾರ್ಥ ಪ್ರಸಾದವಾಗುತ್ತದೆ. ಪ್ರಸಾದವನ್ನು ಚೆಲ್ಲುವುದು ಸಲ್ಲದು. ಆದ್ದರಿಂದ ಉಣ್ಣುವವರ ಲೆಕ್ಕ ಹಾಕಿ ಅಡುಗೆಗಿಡುವುದೂ ಪೂಜೆಯ ಭಾಗವೇ ಆಗಿದೆ.

ಈ ಲೆಕ್ಕ ಕಷ್ಟದ್ದಲ್ಲ. ಒಂದು ಕಿಲೋ ಕಡಲೆಬೇಳೆಗೆ ಸುಮಾರು ಅಷ್ಟೇ ಬೆಲ್ಲ ಹಾಕಿದರೆ ಸಾಧಾರಣ ಗಾತ್ರದ 40ರಿಂದ 50 ಹೋಳಿಗೆಗಳಾಗುತ್ತವೆ. ಹತ್ತು ಜನರಿಗೆ ತಲಾ ಮೂರರಂತೆ ಮುಕ್ಕಾಲು ಕಿಲೋ ಬೇಳೆ ಸಾಕು. ಬೇಳೆ ಬೆಂದ ನೀರನ್ನು ಬಸಿದರೆ ಅದೇ ಕಟ್ಟಿನ ಸಾರಿಗೆ ಆಧಾರ. ಬೆಂದ ನೀರನ್ನೂ ವ್ಯರ್ಥಗೊಳಿಸದ ಈ ಅಡುಗೆಯಲ್ಲಿಯೇ ಹಿರಿಯರ ವಿವೇಕ ಅಡಗಿದೆ. ಹಿಂದಿನ ಸಂಜೆಯೇ ಹೂರಣ ರುಬ್ಬಿ, ಹೂರಣವನ್ನೂ ಕಟ್ಟನ್ನೂ ಫ್ರಿಜ್ಜಿನಲ್ಲಿಟ್ಟರೆ ಹಬ್ಬದ ಮುಂಜಾನೆ ಮನೆಯೊಡತಿಗೂ ಪೂಜೆಗೆ ಬಿಡುವು ದೊರೆಯುತ್ತದೆ.

ಕೆಲಸವನ್ನೂ ಹೀಗೆಯೇ ಹಂಚಿಕೊಳ್ಳಬೇಕು. ಮಗ ಬೆಲ್ಲ ಪುಡಿಮಾಡಲಿ, ಯಜಮಾನರು ಕಣಕ ನಾದಲಿ, ಲಟ್ಟಿಸುವವರೊಬ್ಬರು, ಬೇಯಿಸುವವರೊಬ್ಬರು ಇರಲಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ನುಡಿಯುವವರಿಗೆ ಅಡುಗೆಮನೆಯ ಕಾಯಕ ಕೀಳಾಗಬಾರದು.

ಕೊನೆಯದಾಗಿ, ಮನೆಮಂದಿಯ ಲೆಕ್ಕದೊಡನೆ ಮೊದಲೇ ಒಂದೆರಡು ಎಲೆಗಳನ್ನು ಹೆಚ್ಚಿಗೆ ಸೇರಿಸಿಕೊಳ್ಳಬೇಕು. ನೆರೆಮನೆಯಲ್ಲಿ ಒಂಟಿಯಾಗಿರುವ ಹಿರಿಯರು, ಊರಿಗೆ ಹೋಗಲಾಗದ ಹಾಸ್ಟೆಲ್ ವಿದ್ಯಾರ್ಥಿ, ಮನೆಗೆಲಸಕ್ಕೆ ಬರುವ ತಾಯಿ, ಇವರು ಉಳಿದುದನ್ನು ಡಬ್ಬಿಯಲ್ಲಿ ಒಯ್ಯುವವರಾಗದೆ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾಗಲಿ. ಅಡುಗೆ ಮಾಡಿದವರೂ ಅವರೊಡನೆಯೇ ಕುಳಿತುಕೊಳ್ಳಲಿ. ಬಸವಣ್ಣನವರ ಜಯಂತಿಯ ಊಟಕ್ಕೆ ಇಷ್ಟಾದರೂ ಒಪ್ಪ ಬೇಕು.